ಎಸ್‌ಕ್ಯೂಎಲ್ ಕಲಿಯದೆ ಓಆರ್‌ಎಂ ಶುರು ಮಾಡಬಹುದಾ?

ಪೈಥಾನ್ ಬರುತ್ತದೆ, ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್ ಕಂಡರೆ ಭಯ, ಅದನ್ನು ಮುಟ್ಟದೆ ವೆಬ್‌ಸೈಟ್ ಕಟ್ಟಲು ಜ್ಯಾಂಗೊ ಓಆರ್‌ಎಂ ಹಿಡಿಯಲಾ, ಎಸ್‌ಕ್ಯೂಎಲ್‌ಆಲ್ಕೆಮಿ ಹಿಡಿಯಲಾ ಅಂತ ಕೇಳಿದ್ದೀರಿ. ಓಆರ್‌ಎಂ ಅಂದರೆ ನಾವು ಬರೆದ ಪೈಥಾನ್ ಕೋಡನ್ನು ಎಸ್‌ಕ್ಯೂಎಲ್‌ಗೆ ತಿರುಗಿಸಿ ಡೇಟಾಬೇಸಿಗೆ ಕಳಿಸುವ ಲೈಬ್ರರಿ. ನಾನೂ ಇದೇ ಆಸೆಯಿಂದ ಪೈಥಾನಿನ ವೆಬ್ ಫ್ರೇಮ್‌ವರ್ಕ್ ಆದ ಜ್ಯಾಂಗೊ ಹಿಡಿದವನು.

ಮೊದಮೊದಲು ತುಂಬಾ ಖುಷಿಯಾಯಿತು. ಟೇಬಲ್ ಬೇಕಾದರೆ ಒಂದು ಕ್ಲಾಸ್ ಬರೆದರೆ ಸಾಕು. ಮೇಕ್‌ಮೈಗ್ರೇಷನ್ಸ್, ಮೈಗ್ರೇಟ್ ಎರಡು ಕಮಾಂಡ್ ಕೊಟ್ಟರೆ ಟೇಬಲ್ ರೆಡಿ. ಅದೇ ಧೈರ್ಯದಲ್ಲಿ ಒಂದು ಹೋಲ್‌ಸೇಲ್ ಸ್ಟೇಷನರಿ ಅಂಗಡಿಗೆ ಆರ್ಡರ್ ನೋಡಿಕೊಳ್ಳುವ ಸೈಟ್ ಮಾಡಿಕೊಟ್ಟೆ. ಮುಖ್ಯ ಪೇಜ್ ಒಂದೇ: ಆರ್ಡರ್‌ಗಳ ಪಟ್ಟಿ. ಪ್ರತಿ ಸಾಲಿನಲ್ಲೂ ಗ್ರಾಹಕರ ಹೆಸರು, ಅದರ ಕೆಳಗೆ ಅವರು ತರಿಸಿದ ಸಾಮಾನು. ನನ್ನ ಲ್ಯಾಪ್‌ಟಾಪಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು.

ಅಂಗಡಿಯಲ್ಲಿ ಆರ್ಡರ್ ಜಾಸ್ತಿಯಾದಂತೆ ಆ ಪೇಜ್ ತೆವಳತೊಡಗಿತು. ಯಜಮಾನರು ಫೋನ್ ಮಾಡಿ, 'ಕೌಂಟರ್ ಮುಂದೆ ಜನ ನಿಂತಿದ್ದಾರೆ, ಇಲ್ಲಿ ಸುಮ್ನೆ ಚಕ್ರ ತಿರುಗ್ತಾ ಇದೆ' ಅಂದರು. ಸರ್ವರ್ ಚಿಕ್ಕದಾಯಿತು ಅಂದುಕೊಂಡೆ. ದೊಡ್ಡದು ತೆಗೆದುಕೊಳ್ಳಲು ಹೇಳಿದೆ, ಆಮೇಲೆ ಇನ್ನೂ ದೊಡ್ಡದು. ಬಾಡಿಗೆ ಏರಿತು, ಪೇಜ್ ಮಾತ್ರ ಹಾಗೇ ಇತ್ತು. ಕೊನೆಗೆ ಅವರು ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ತಪ್ಪು ಇದ್ದದ್ದು ಪೇಜಿನ ಅಚ್ಚಾದ ಟೆಂಪ್ಲೇಟಿನ ಒಂದು ಲೂಪಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಲೂಪ್ ಬರೆಯುತ್ತೀರಿ.

ಆರ್ಡರ್ ಟೇಬಲ್ಲಿನ ಸಾಲಿನಲ್ಲಿ ಗ್ರಾಹಕರ ಹೆಸರು ಇರುವುದಿಲ್ಲ, ಅವರ ಐಡಿ ಮಾತ್ರ ಇರುತ್ತದೆ. ಲೂಪ್ ಒಳಗೆ 'ಆರ್ಡರ್ ಡಾಟ್ ಕಸ್ಟಮರ್ ಡಾಟ್ ನೇಮ್' ಅಂತ ಬರೆದೆ ಅನ್ನಿ. ನೋಡಲು ಅದು ಸಾದಾ ಪೈಥಾನ್. ಆದರೆ ಆ ಮೊದಲ ಚುಕ್ಕೆ ಮುಟ್ಟಿದ ಕೂಡಲೇ ಜ್ಯಾಂಗೊ ಡೇಟಾಬೇಸಿಗೆ ಹೋಗಿ ಆ ಗ್ರಾಹಕರ ಸಾಲನ್ನು ತರುತ್ತದೆ. ಮುಂದಿನ ಆರ್ಡರಿಗೆ ಮತ್ತೆ ಹೋಗುತ್ತದೆ. ಒಬ್ಬರದೇ ಹತ್ತು ಆರ್ಡರ್ ಇದ್ದರೆ ಅದೇ ಹೆಸರನ್ನು ಹತ್ತು ಸಲ ತರುತ್ತದೆ. ಲೆಕ್ಕ ಹಾಕಿ. ಪಟ್ಟಿಯಲ್ಲಿ 200 ಆರ್ಡರ್, ಒಂದೊಂದರಲ್ಲಿ 3 ಸಾಮಾನು. ಪಟ್ಟಿಗೆ 1 ಕ್ವೆರಿ (ಡೇಟಾಬೇಸಿಗೆ ಕೇಳುವ ಒಂದು ಪ್ರಶ್ನೆ), ಗ್ರಾಹಕರಿಗೆ 200, ಸಾಮಾನಿನ ಸಾಲುಗಳಿಗೆ 200, ಪ್ರತಿ ಸಾಮಾನಿನ ಹೆಸರಿಗೆ 600. ಒಟ್ಟು 1,001. ಒಂದು ಕ್ವೆರಿ ಹೋಗಿ ಬರಲು 3 ಮಿಲಿಸೆಕೆಂಡ್ ಹಿಡಿದರೂ ಪೇಜಿಗೆ 3 ಸೆಕೆಂಡ್ ಆಯಿತು. ಪಟ್ಟಿಗೆ ಒಂದು, ಅದರ ಎನ್ ಸಾಲುಗಳಿಗೆ ಇನ್ನೂ ಎನ್ ಕ್ವೆರಿ, ಇದನ್ನೇ ಎನ್ ಪ್ಲಸ್ ಒನ್ ಸಮಸ್ಯೆ ಅನ್ನುತ್ತಾರೆ. ಸರ್ವರಿಗೆ ಎಷ್ಟು ರ‍್ಯಾಮ್ ಹಾಕಿದರೂ ಓಡಾಟದ ಸಂಖ್ಯೆ ಕಮ್ಮಿಯಾಗುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಯಾಕೆ ಗೊತ್ತಾಗಲಿಲ್ಲ? ಅಲ್ಲಿದ್ದದ್ದು ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್. ಅದು ಅದೇ ಡಿಸ್ಕಿನಲ್ಲಿರುವ ಒಂದು ಫೈಲ್, ನೆಟ್‌ವರ್ಕ್ ದಾಟಬೇಕಾಗಿಲ್ಲ. ಜೊತೆಗೆ ನಾನು ತುಂಬಿದ್ದ ಆರ್ಡರ್‌ಗಳೂ ಬೆರಳೆಣಿಕೆಯಷ್ಟು. ಅಂಗಡಿಯ ಸೈಟಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬೇರೊಂದು ಮಷೀನಿನಲ್ಲಿತ್ತು.

ಪರಿಹಾರ ಒಂದೇ ಸಾಲಿನದು. ಗ್ರಾಹಕರಿಗೆ ಸೆಲೆಕ್ಟ್ ರಿಲೇಟೆಡ್: ಜಾಯಿನ್ (ಎರಡು ಟೇಬಲ್ ಸಾಲುಗಳನ್ನು ಒಂದೇ ಕ್ವೆರಿಯಲ್ಲಿ ಜೋಡಿಸುವುದು) ಹಾಕಿ ಆರ್ಡರ್ ಜೊತೆಯಲ್ಲೇ ಹೆಸರನ್ನೂ ತರುತ್ತದೆ. ಸಾಮಾನಿಗೆ ಪ್ರಿಫೆಚ್ ರಿಲೇಟೆಡ್: ಎಲ್ಲ ಆರ್ಡರ್‌ಗಳ ಸಾಮಾನನ್ನು ಒಟ್ಟಿಗೆ ತಂದು ಪೈಥಾನ್ ಒಳಗೆ ಜೋಡಿಸುತ್ತದೆ. 1,001 ಇದ್ದದ್ದು 3 ಕ್ವೆರಿಗೆ ಇಳಿಯುತ್ತದೆ: ಆರ್ಡರ್ ಮತ್ತು ಗ್ರಾಹಕರಿಗೆ ಒಂದು, ಸಾಮಾನಿನ ಸಾಲುಗಳಿಗೆ ಒಂದು, ಸಾಮಾನಿನ ಹೆಸರುಗಳಿಗೆ ಒಂದು. ಒಂದು ಎಚ್ಚರ: ಪ್ರಿಫೆಚ್ ಮಾಡಿದ ಮೇಲೂ ಲೂಪ್ ಒಳಗೆ ಆ ಸಾಮಾನಿನ ಮೇಲೆ ಫಿಲ್ಟರ್ ಹಾಕಿದರೆ, ತಂದಿಟ್ಟದ್ದನ್ನು ಬಿಟ್ಟು ಮತ್ತೆ ಡೇಟಾಬೇಸಿಗೇ ಹೋಗುತ್ತದೆ.

ಈಗ ನೋಡಿ, ಜಾಯಿನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಇವೆರಡರಲ್ಲಿ ಯಾವುದನ್ನು ಎಲ್ಲಿ ಹಾಕಬೇಕು ಅಂತ ಹೇಗೆ ಹೊಳೆಯಬೇಕು? ನನಗೆ ಹೊಳೆಯಲಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಓಆರ್‌ಎಂ ಇರುವುದು ಎಸ್‌ಕ್ಯೂಎಲ್ ಬರದವರಿಗಾಗಿ ಅಲ್ಲ. ಬರುವವರು ಅದದೇ ಸಾಲುಗಳನ್ನು ಪದೇಪದೇ ಬರೆಯುವುದು ತಪ್ಪಲಿ ಅಂತ ಇರುವುದು. ಲೈಬ್ರರಿ ಆರಿಸುವುದನ್ನು ಪಕ್ಕಕ್ಕಿಟ್ಟು ಮೊದಲು ಸೆಲೆಕ್ಟ್, ವೇರ್, ಜಾಯಿನ್, ಗ್ರೂಪ್ ಬೈ, ಇಂಡೆಕ್ಸ್ ಇಷ್ಟು ಕಲಿಯಿರಿ. ಎಸ್‌ಕ್ಯೂಲೈಟ್ ಸಾಕು. ದಿನಾ ಸಂಜೆ ಕೂತರೆ ಕೆಲವೇ ವಾರಗಳ ಕೆಲಸ, ಭಯ ಪಡುವಂಥದ್ದು ಏನೂ ಇಲ್ಲ.

ಆಯ್ಕೆಯ ವಿಷಯ ಬೇಗ ಮುಗಿಯುತ್ತದೆ. ಲಾಗಿನ್, ಅಡ್ಮಿನ್ ಪೇಜ್ ಎಲ್ಲ ಬೇಕಾದ ಸೈಟ್ ಆದರೆ ಜ್ಯಾಂಗೊ, ಅದರ ಓಆರ್‌ಎಂ ಜೊತೆಯಲ್ಲೇ ಬರುತ್ತದೆ. ಫ್ಲಾಸ್ಕ್ ಅಥವಾ ಫಾಸ್ಟ್‌ಎಪಿಐ ಅನ್ನುವ ಬೇರೆ ಫ್ರೇಮ್‌ವರ್ಕ್ ಆದರೆ ಎಸ್‌ಕ್ಯೂಎಲ್‌ಆಲ್ಕೆಮಿ. ಅದರ 2.0 ಆವೃತ್ತಿ 2023ರ ಜನವರಿಯಲ್ಲಿ ಬಂತು. ಹಳೆಯ ಪಾಠಗಳಲ್ಲಿ ಸೆಷನ್ ಡಾಟ್ ಕ್ವೆರಿ ಅಂತ ಇರುತ್ತದೆ, ಈಗ ಸೆಲೆಕ್ಟ್ ಬಳಸಿ ಬರೆಯುವ ರೀತಿ ಕಲಿಯುವುದೇ ಸರಿ.

ಯಾವುದನ್ನೇ ಹಿಡಿಯಿರಿ, ಒಳಗೆ ಹೋಗುವ ಎಸ್‌ಕ್ಯೂಎಲ್ ಮೊದಲ ದಿನದಿಂದಲೇ ಕಣ್ಣಿಗೆ ಕಾಣುತ್ತಿರಬೇಕು. ಜ್ಯಾಂಗೊಗೆ ಡೀಬಗ್ ಟೂಲ್‌ಬಾರ್ ಹಾಕಿಕೊಳ್ಳಿ, ಪ್ರತಿ ಪೇಜಿನ ಕ್ವೆರಿ ಎಷ್ಟು ಅಂತ ಪಕ್ಕದಲ್ಲೇ ತೋರಿಸುತ್ತದೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಎಂಜಿನ್ ಮಾಡುವಾಗ ಎಕೋ ಟ್ರೂ ಅಂತ ಕೊಟ್ಟರೆ ಟರ್ಮಿನಲ್ಲಿಗೆ ಎಲ್ಲ ಬಂದು ಬೀಳುತ್ತದೆ. ಜ್ಯಾಂಗೊದಲ್ಲಿ ಮೈಗ್ರೇಷನ್ (ಟೇಬಲ್ಲಿನ ಬದಲಾವಣೆ) ಓಡಿಸುವ ಮುಂಚೆ ಎಸ್‌ಕ್ಯೂಎಲ್‌ಮೈಗ್ರೇಟ್ ಕಮಾಂಡ್ ಕೊಟ್ಟು, ಅದು ತೋರಿಸುವ ಎಸ್‌ಕ್ಯೂಎಲ್ ಓದಿ. ಮುಖ್ಯ ಪೇಜುಗಳಿಗೆ, ಕ್ವೆರಿ ಎಷ್ಟು ಹೋಯಿತು ಅಂತ ಎಣಿಸುವ ಅಸರ್ಟ್ ನಮ್ ಕ್ವೆರೀಸ್ ಇಟ್ಟು ಟೆಸ್ಟ್ ಬರೆಯಿರಿ. ನಾಳೆ ಯಾರಾದರೂ ಲೂಪಿನಲ್ಲಿ ಒಂದು ಚುಕ್ಕೆ ಸೇರಿಸಿದರೆ ಆ ಟೆಸ್ಟ್ ಫೇಲ್ ಆಗಿ ಹೇಳುತ್ತದೆ. ಟೆಸ್ಟ್ ಡೇಟಾದಲ್ಲಿ ನಾಲ್ಕಾರು ಆರ್ಡರ್ ಆದರೂ ಇರಲಿ, ಒಂದೇ ಇದ್ದರೆ ಸಾಲು ಹೆಚ್ಚಿದಂತೆ ಕ್ವೆರಿಯೂ ಹೆಚ್ಚುವುದು ಗೊತ್ತಾಗುವುದಿಲ್ಲ.

ಈ ವಾರ ಗ್ರಾಹಕ, ಆರ್ಡರ್ ಅಂತ ಎರಡೇ ಟೇಬಲ್ ಮಾಡಿ. ಯಾವ ಗ್ರಾಹಕರು ಎಷ್ಟು ಆರ್ಡರ್ ಕೊಟ್ಟಿದ್ದಾರೆ ಅನ್ನುವುದನ್ನು ಕೈಯಾರೆ ಎಸ್‌ಕ್ಯೂಎಲ್‌ನಲ್ಲಿ ಬರೆಯಿರಿ. ಒಂದೂ ಆರ್ಡರ್ ಕೊಡದವರೂ ಪಟ್ಟಿಯಲ್ಲಿ ಸೊನ್ನೆ ಅಂತ ಬರಬೇಕು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನೀವು ಬರೆದದ್ದನ್ನು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ.