ಓವನ್ ಪರದೆಯಲ್ಲಿ ‘ಎಫ್3’ ಮೂಡಿದರೆ

ಪ್ರಶ್ನೆ: ನಮ್ಮ ವಿದ್ಯುತ್ ಓವನ್ ಬಿಸಿಯಾಗುವ ಮೊದಲೇ ಬೀಪ್ ಸದ್ದು ಮಾಡಿ, ‘ಎಫ್3’ ಎಂದು ತೋರಿಸಿ ನಿಂತುಬಿಡುತ್ತದೆ. ಹೊಸ ಓವನ್ ಕೊಳ್ಳಲೇಬೇಕೆ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಅಷ್ಟು ಅವಸರ ಬೇಡ. ಈ ಸಂಕೇತಗಳ ಅರ್ಥ ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ಮೊದಲು ಕೈಪಿಡಿಯನ್ನು ನೋಡಿ. ಆದರೂ ಅಮೆರಿಕದ ಹಲವು ಓವನ್‌ಗಳಲ್ಲಿ ‘ಎಫ್3’ ಎಂದರೆ, ಒಳಗಿನ ಹಿಂಗೋಡೆಯಿಂದ ಪೆನ್ಸಿಲ್‌ನಂತೆ ಚಾಚಿಕೊಂಡಿರುವ ಉಷ್ಣತಾ ಸಂವೇದಕದ ದೋಷ. ಓವನ್‌ಗೆ ಬರುವ ವಿದ್ಯುತ್ತನ್ನು ಕಡಿಯುವ ಸ್ವಿಚ್ಚಾದ ಬ್ರೇಕರನ್ನು ಆರಿಸಿ ಐದು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ಸಂಕೇತ ಮರಳಿ ಬಂದರೆ, ಬ್ರೇಕರನ್ನು ಮತ್ತೆ ಆರಿಸಿ, ಓವನ್ ತಣ್ಣಗಿರುವಾಗ ಸಂವೇದಕದ ಎರಡು ತಿರುಪುಗಳನ್ನು ಬಿಚ್ಚಿ, ಅದನ್ನು ಮೆಲ್ಲನೆ ಎಳೆದು ತಂತಿಯ ಕನೆಕ್ಟರನ್ನು ಬಿಡಿಸಿ. (ಆ ತಂತಿ ರಂಧ್ರದೊಳಗೆ ಜಾರಿಹೋದರೆ ಓವನ್ನನ್ನೇ ಹೊರಗೆಳೆಯಬೇಕಾದೀತು, ಬಟ್ಟೆಯ ಕ್ಲಿಪ್ಪೊಂದನ್ನು ಸಿಕ್ಕಿಸಿಡಿ.) ವಿದ್ಯುತ್ ರೋಧವನ್ನು ಅಳೆಯುವ ಮಲ್ಟಿಮೀಟರನ್ನು ಸಂವೇದಕದ ಕನೆಕ್ಟರಿನ ಎರಡು ಪಿನ್‌ಗಳಿಗೆ ಹಿಡಿದರೆ, ಕೋಣೆಯ ಉಷ್ಣತೆಯಲ್ಲಿ ಅದು ಸುಮಾರು 1,080ರಿಂದ 1,100 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸಂವೇದಕ ಕೆಟ್ಟಿದೆ, ಅದನ್ನಷ್ಟೇ ಬದಲಿಸಿದರೆ ಸಾಕು. ಅಳತೆ ಸರಿಯಿದ್ದರೆ ಕನೆಕ್ಟರ್ ಸುಟ್ಟು ಕಪ್ಪಾಗಿದೆಯೇ ನೋಡಿ. ಬಹಳ ಜನ ಇದನ್ನು ಗಮನಿಸದೆ ದುಬಾರಿಯಾದ ನಿಯಂತ್ರಣ ಫಲಕವನ್ನೇ ಕೊಂಡುಬಿಡುತ್ತಾರೆ. ಆ ಫಲಕದ ಕೆಲಸವನ್ನು ಮಾತ್ರ ತಂತ್ರಜ್ಞರಿಗೇ ಬಿಡಿ, ಅಲ್ಲಿ 240 ವೋಲ್ಟ್ ಹರಿಯುತ್ತದೆ. ಬಾಡಿಗೆ ಮನೆಯಾದರೆ ತಿರುಪು ಮುಟ್ಟುವ ಮೊದಲೇ ಮಾಲೀಕರಿಗೆ ತಿಳಿಸಿ.