ಹೈಲ್‌ಬ್ರಾನರ್ ವೆಗ್: ಹಿಮ ನೋಡಿ ವಾಪಸ್ ಬಂದವರಿಗೆ

ಹೈಲ್‌ಬ್ರಾನರ್ ವೆಗ್ ಅಂದ್ರೆ ಜರ್ಮನಿ-ಆಸ್ಟ್ರಿಯಾ ಗಡಿಯ ಆಲ್ಪ್ಸ್‌ನಲ್ಲಿ ರಾಪ್ಪನ್‌ಸೇ ಹಟ್‌ನಿಂದ (ಹಟ್ ಅಂದ್ರೆ ಬೆಟ್ಟದ ಮೇಲಿನ ತಂಗುಮನೆ) ಕೆಂಪ್ಟ್‌ನರ್ ಹಟ್ ಕಡೆಗೆ ಹೋಗೋ ಚಾರಣದ ದಾರಿ. ಜೂನ್ ಕೊನೆಗೆ ರಾಪ್ಪನ್‌ಸೇಯಿಂದ ಹೊರಟು ಅರ್ಧಕ್ಕೇ ವಾಪಸ್ ಬಂದಿದ್ದೀರಿ ಅಂದ್ರೆ, ಬಹುಶಃ ಹೋದದ್ದೇ ಬೇಗ ಆಯ್ತು. 2600 ಮೀಟರ್ ಎತ್ತರದಲ್ಲಿ ನೆರಳಿರುವ ಕಡೆ ಹಳೆ ಹಿಮ ಜುಲೈನಲ್ಲೂ ಉಳಿದಿರುತ್ತದೆ, ಬೆಳಿಗ್ಗೆಯಂತೂ ಕಲ್ಲಿನಷ್ಟು ಗಟ್ಟಿ.

ಆಗಸ್ಟ್‌ಗೆ ಇಟ್ಟುಕೊಳ್ಳಿ. ಹಿಂದಿನ ಸಂಜೆ ಹಟ್‌ನವರನ್ನೇ ದಾರಿ ಹೇಗಿದೆ ಅಂತ ಕೇಳಿ, ಬೇಡ ಅಂದ್ರೆ ಬೇಡ. ಬೆಳಿಗ್ಗೆ ಆರೂವರೆಗೆಲ್ಲ ಹೊರಟುಬಿಡಿ, ಯಾಕಂದ್ರೆ ಮಧ್ಯಾಹ್ನ ಗುಡುಗು ಶುರುವಾದಾಗ ದಾರಿಯಲ್ಲಿರೋ ಕಬ್ಬಿಣದ ಏಣಿ, ಸೇತುವೆ ಹತ್ತಿರ ಇರಲೇಬಾರದು. ಟೋರ್ಲೆ ಅನ್ನೋ ಬಂಡೆ ಸಂದಿ ತುಂಬಾ ಇಕ್ಕಟ್ಟು, ಬ್ಯಾಗ್ ಹೊರಗೆ ಏನನ್ನೂ ಕಟ್ಟಬೇಡಿ. ಹೆಲ್ಮೆಟ್ ಇರಲಿ.

ಬಾಕ್‌ಕಾರ್‌ಶಾರ್ಟೆ ಅನ್ನೋ ಬೆಟ್ಟಸಾಲಿನ ತಗ್ಗಿಗೆ ಬಂದಾಗ ಮೋಡ ಕಟ್ಟಿದ್ದರೆ ಕೆಂಪ್ಟ್‌ನರ್ ಹಟ್ ಆಸೆ ಬಿಟ್ಟು ಎಡಕ್ಕೆ ವಾಲ್ಟನ್‌ಬರ್ಗರ್ ಹೌಸ್ ಅನ್ನೋ ಇನ್ನೊಂದು ತಂಗುಮನೆಗೆ ಇಳಿಯಿರಿ. ಅದೂ ಕಡಿದಾದ ಇಳಿಜಾರೇ, ನಿಧಾನ.