ಟಿ.ಸಿ. ಅರ್ಜಿಗೆ ದಯವಿಟ್ಟು ಸಹಿ ಹಾಕಬೇಡಿ

ಏಳು ವರ್ಷದ ಮಗನಿಗೆ ಆಟಿಸಂ (ಮಿದುಳು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇದೆ ಎಂದು ಗೊತ್ತಾದ ಮೇಲೆ ಶಾಲೆಯವರು ‘ನೀವೇ ಟಿ.ಸಿ. ತೆಗೆದುಕೊಂಡುಬಿಡಿ, ಅವನಿಗೂ ಒಳ್ಳೆಯದು’ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನೂ ಆಟಿಸಂ ಇರುವವಳು. ನನ್ನ ಅಮ್ಮನಿಂದಲೂ ಇಂಥದೇ ಅರ್ಜಿ ಬರೆಸಿಕೊಂಡಿದ್ದರು. ‘ಸ್ವಂತ ಕಾರಣಗಳಿಂದ’ ಎಂದು ಅದರಲ್ಲಿತ್ತು. ಶಾಲೆಯೇ ನನ್ನನ್ನು ಹೊರಗೆ ಕಳಿಸಿತು ಎನ್ನಲು ಇವತ್ತಿಗೂ ಒಂದು ಚೂರು ಕಾಗದವಿಲ್ಲ.

ಅವರಿಗೆ ನಿಮ್ಮ ಸಹಿ ಏಕೆ ಬೇಕು ಗೊತ್ತೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಅವರವರಿಗೆ ತಕ್ಕ ಅನುಕೂಲ ಮಾಡಿಕೊಡಬೇಕು. ಖಾಸಗಿ ಶಾಲೆಗೂ ಇದರಿಂದ ವಿನಾಯಿತಿ ಇಲ್ಲ.

ಅನುಕೂಲವೆಂದರೆ ದೊಡ್ಡ ಖರ್ಚಿನದೇ ಆಗಬೇಕಿಲ್ಲ. ಊಟದ ಹೊತ್ತಿನಲ್ಲಿ ನೂರಾರು ಸ್ಟೀಲ್ ತಟ್ಟೆಗಳು ಒಟ್ಟಿಗೆ ಸದ್ದು ಮಾಡಿದರೆ ನನ್ನ ತಲೆಯೊಳಗೆ ಬೇರೇನೂ ಉಳಿಯುತ್ತಿರಲಿಲ್ಲ. ಕಿವಿ ಮುಚ್ಚಿಕೊಂಡರೆ ಒಬ್ಬ ಶಿಕ್ಷಕಿ ಕೈ ಕಿತ್ತು ಕೆಳಗಿಳಿಸಿ, ‘ನಾಟಕ ಮಾಡಬೇಡ’ ಎನ್ನುತ್ತಿದ್ದರು. ಮುಂದೆ ಸೇರಿದ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಗಂಟೆ ಹೊಡೆಯುವ ಮುಂಚೆಯೇ ಜಗಲಿಯ ಕೊನೆಯಲ್ಲಿ ಕೂತು ಉಣ್ಣಲು ಬಿಟ್ಟರು. ಅಷ್ಟೇ. ಮಧ್ಯಾಹ್ನದ ಪಾಠಗಳು ನನಗೆ ಕೇಳಿಸತೊಡಗಿದವು.

ವಿಶೇಷ ಶಾಲೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕೆಲವು ಮಕ್ಕಳಿಗೆ ಅದೇ ಹಿತ. ಶೇ 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಆಯ್ಕೆ ನಿಮ್ಮದು, ಮುಖ್ಯೋಪಾಧ್ಯಾಯರದ್ದಲ್ಲ.

ನೆಂಟರ ಮಾತಿಗೂ ಸಿದ್ಧರಾಗಿರಿ. ‘ಮೊಬೈಲ್ ಕೊಟ್ಟು ಹಾಳುಮಾಡಿದಿರಿ’, ‘ಗೃಹಪ್ರವೇಶಕ್ಕೆ ಅವನನ್ನು ಬಿಟ್ಟು ಬನ್ನಿ’ ಎನ್ನುವವರು ಸಿಗುತ್ತಾರೆ. ಹಿಂದೆ ವೈದ್ಯರಲ್ಲೇ ಕೆಲವರು ತಾಯಿಗೆ ಪ್ರೀತಿ ಇಲ್ಲದ್ದರಿಂದ ಆಟಿಸಂ ಬರುತ್ತದೆ ಎಂದಿದ್ದರು. ಅದು ಸುಳ್ಳೆಂದು ಸಾಬೀತಾಗಿ ದಶಕಗಳಾದವು. ಆದರೆ ಮಗನ ಎದುರು ಇಂಥ ಮಾತು ಆಡಲು ಯಾರಿಗೂ ಬಿಡಬೇಡಿ. ಅವನು ಮಾತು ಆಡದಿರಬಹುದು, ಕೇಳಿಸಿಕೊಳ್ಳುತ್ತಾನೆ.

ನಾಳೆ ಶಾಲೆಗೆ ಒಂದು ಪತ್ರ ಕೊಡಿ: ‘ಟಿ.ಸಿ. ತೆಗೆದುಕೊಳ್ಳಲು ನೀವು ಹೇಳಿದಿರಿ, ನನಗೆ ಒಪ್ಪಿಗೆಯಿಲ್ಲ, ಕಾರಣವನ್ನು ಲಿಖಿತವಾಗಿ ಕೊಡಿ.’ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಆಮೇಲೂ ಒತ್ತಡ ಹಾಕಿದರೆ ಅದೇ ಪ್ರತಿಯೊಂದಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಅಲ್ಲೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಿ.